ತಟ್ಟೆ ತೆಗೆದುಕೊಂಡವಳು

ಗುವಾಂಗಾಲೊ ಊರು ತನಗೆ ಬೇಡವೆಂದು ಔರಿಯಾ ಬಸ್ಸಿನ ಮೆಟ್ಟಿಲ ಮೇಲೆಯೇ ತೀರ್ಮಾನಿಸಿಬಿಟ್ಟಿದ್ದಳು. ಇಳಿದು ನೋಡುವ ತೊಂದರೆಯನ್ನೂ ತೆಗೆದುಕೊಂಡಿರಲಿಲ್ಲ. ಬೆಳಗಿನ ಹೊತ್ತು, ಮಂಜು ಇನ್ನೂ ಬಿಟ್ಟಿರಲಿಲ್ಲ. ಕಂಬಳಿ ಹೊದ್ದ ಜನ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದರು, ಒಬ್ಬರ ಬಾಯಲ್ಲೂ ಗಟ್ಟಿ ಮಾತಿಲ್ಲ. ಇಲ್ಲಿ ಯಾರು ಸತ್ತಿದ್ದಾರೆ ಎಂದು ಗಂಡನನ್ನು ಕೇಳಿದಳು. ಅಲೆಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಗೋಡೆಗೆ ಒರಗಿದ್ದವರೆಲ್ಲ ಕೇಳಿಸಿಕೊಂಡರು. ಹಾಲಿನ ಸಂಘದ ಹೊಸ ಡ್ರೈವರ್ ಒಂದು ಕೋತಿ, ಅವನ ಹೆಂಡತಿ ಅವನಿಗಿಂತ ದೊಡ್ಡ ಕೋತಿ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ನಮ್ಮ ದೇಶದಲ್ಲಿ ಬೆಟ್ಟದವರು ಕರಾವಳಿಯವರನ್ನು ಕರೆಯುವುದೇ ಹಾಗೆ. ಕರಾವಳಿಯವರು ಬೆಟ್ಟದವರನ್ನು ಏನೆಂದು ಕರೆಯುತ್ತಾರೆ ಅನ್ನುವುದನ್ನು ಮರ್ಯಾದಸ್ಥರು ಓದುವ ಕಡೆ ಬರೆಯುವ ಹಾಗಿಲ್ಲ. ಔರಿಯಾ ಅದನ್ನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು.

ಅವರು ಬಂದದ್ದು ಹೊಟ್ಟೆಪಾಡಿಗೆ. ಸಮುದ್ರದ ದಂಡೆಯ ಕ್ರುಸಿತಾದಲ್ಲಿ ಅವಳ ಗಂಡ ದಿದಿಮೊ ಐಸ್ ಫ್ಯಾಕ್ಟರಿಯ ಲಾರಿ ಓಡಿಸುತ್ತಿದ್ದ, ಫ್ಯಾಕ್ಟರಿ ಮುಚ್ಚಿತು. ಬೆಟ್ಟದ ಮೇಲೆ ಹಾಲಿನ ಗಾಡಿಗೆ ಡ್ರೈವರ್ ಬೇಕಂತೆ, ಇರಲು ಮನೆಯನ್ನೂ ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಔರಿಯಾ ಅತ್ತಳು, ಕೂಗಾಡಿದಳು, ಮೀನಿನ ಬುಟ್ಟಿ ಒದ್ದಳು. ಕೊನೆಗೆ ದಿದಿಮೊ ಎರಡು ಬೆರಳಲ್ಲಿ ಶಿಲುಬೆ ಮಾಡಿ ಅದಕ್ಕೆ ಮುತ್ತಿಟ್ಟು ಮಾತು ಕೊಟ್ಟ. ಈಸ್ಟರ್ ತನಕ ನೋಡೋಣ, ಅಷ್ಟರೊಳಗೆ ನಿನಗೆ ಒಗ್ಗದಿದ್ದರೆ ಇಬ್ಬರೂ ವಾಪಸ್ಸು ಬಂದುಬಿಡೋಣ, ದೇವರಾಣೆ ಅಂದ. ಆ ಒಂದು ಮಾತಿಗಾಗಿ ಅವಳು ಬಸ್ಸು ಹತ್ತಿದ್ದು. ಈಸ್ಟರ್ ಆದ ಮರುದಿನ ಗಂಡನ ಜೊತೆ ಅದೇ ಬಸ್ಸಿನಲ್ಲಿ ಇಳಿಜಾರು ಇಳಿಯುವುದು, ಅವಳಿಗೆ ಬೇಕಿದ್ದದ್ದು ಅಷ್ಟೇ. ಒಗ್ಗಿಕೊಳ್ಳಲು ಪ್ರಯತ್ನಪಡುವುದು ಅವಳ ಲೆಕ್ಕದಲ್ಲಿ ಮೋಸಹೋದ ಹಾಗೆ.

ಮನೆ ಅಂದರೆ ಹಾಲಿನ ಸಂಘದ ಅಧ್ಯಕ್ಷ, ಊರವರು ಗೌರವಕ್ಕೆ ದೋನ್ ಎಂದು ಕರೆಯುತ್ತಿದ್ದ ಮೆಸಿಯಾಸನ ಅಂಗಳದ ಒಂದು ಬದಿಯ ಎರಡು ಕೋಣೆ. ಅಂಗಳದ ಆಚೆ ಬದಿಯಲ್ಲಿ ಅವನು, ಅವನ ಹೆಂಡತಿ ದೋನ್ಯ ತಾರ್ಹೆಲಿಯಾ, ಮಗಳು ಬ್ಲಾಂಕಾ, ಅಳಿಯ ಫೌಸ್ತೊ, ಬ್ಲಾಂಕಾಳ ಬೆನ್ನಿಗೆ ಸದಾ ಕಟ್ಟಿಕೊಂಡಿರುತ್ತಿದ್ದ ಒಂದು ಗಂಡು ಕೂಸು. ಅವರ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಹುಲ್ಲು ಹಾಸಿ ಕೂಯಿಗಳನ್ನು ಸಾಕಿದ್ದರು. ಬಾಲವಿಲ್ಲದ, ದಪ್ಪ ಇಲಿಯಂಥ ಪ್ರಾಣಿ. ಹಗಲೆಲ್ಲ ಕುಯ್ ಕುಯ್ ಅನ್ನುತ್ತಿರುತ್ತದೆ. ಹಬ್ಬ ಬಂದರೆ ಹಿಡಿದು ಇಡಿಯಾಗಿ ಸುಡುತ್ತಾರೆ. ಅಡುಗೆಮನೆಯಲ್ಲಿ ಇಲಿ ಸಾಕಿ ಅದನ್ನೇ ತಿನ್ನುವ ಜನ ಎಂದು ಔರಿಯಾ ಮೊದಲ ದಿನವೇ ತನ್ನ ಅಮ್ಮನಿಗೆ ಫೋನು ಮಾಡಿ ಹೇಳಿದಳು. ಫೋನು ಮಾಡಿದ್ದು ಅಂಗಳದ ನಟ್ಟನಡುವೆ ನಿಂತು, ಅಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು.

ಮೊದಲ ವಾರವೆಲ್ಲ ಅವಳಿಗೂ ಅನ್ನಕ್ಕೂ ಜಗಳ. ಎಷ್ಟು ಹೊತ್ತು ಇಟ್ಟರೂ ಅಕ್ಕಿಯ ನಡುವೆ ಗಟ್ಟಿ ಉಳಿಯುತ್ತಿತ್ತು. ಕಾಳು ಬೆಳಗ್ಗೆ ಇಟ್ಟರೆ ಮಧ್ಯಾಹ್ನಕ್ಕೂ ಬೇಯುತ್ತಿರಲಿಲ್ಲ. ಇಲ್ಲಿ ಎತ್ತರ ಅಲ್ಲವೇ, ನಿಧಾನವಾಗಿ ಬೇಯುತ್ತದೆ, ಸ್ವಲ್ಪ ಹೆಚ್ಚು ನೀರಿಡಿ ಎಂದು ದೋನ್ಯ ತಾರ್ಹೆಲಿಯಾ ಬಾಗಿಲಲ್ಲಿ ನಿಂತು ಮೆತ್ತಗೆ ಹೇಳಿದಳು. ಆ ಹೆಂಗಸು ಎಲ್ಲವನ್ನೂ ಮೆತ್ತಗೇ ಹೇಳುತ್ತಿದ್ದಳು, ಕ್ಷಮೆ ಕೇಳುವ ಹಾಗೆ. ಔರಿಯಾಳನ್ನು ‘ವೆಸೀನಾ’ ಎಂದು ಕರೆಯುತ್ತಿದ್ದಳು, ಪಕ್ಕದ ಮನೆಯವರನ್ನು ಇಲ್ಲಿ ಹಾಗೆಯೇ ಕರೆಯುವುದು.

“ನಿಮ್ಮೂರಲ್ಲಿ ನೀರಿಗೂ ಸೋಮಾರಿತನ,” ಅಂದಳು ಔರಿಯಾ.

ದೋನ್ಯ ತಾರ್ಹೆಲಿಯಾ ನಕ್ಕು ಹೋದಳು. ಸ್ವಲ್ಪ ಹೊತ್ತಿಗೆ ಬ್ಲಾಂಕಾಳ ಕೈಯಲ್ಲಿ ಒಂದು ಬಟ್ಟಲು ಆಲೂಗಡ್ಡೆ ಸಾರು ಬಂತು. ಮರುದಿನ ಬೇಯಿಸಿದ ಆಲೂಗಡ್ಡೆ ಬಂತು, ಅದರ ಮರುದಿನ ಆಲೂಗಡ್ಡೆಯ ಜೊತೆ ಬೆಂದ ಮೆಕ್ಕೆಜೋಳ. ಔರಿಯಾ ಪ್ರತಿ ಸಲವೂ ಬಟ್ಟಲನ್ನು ತೆಗೆದುಕೊಂಡು, ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ, ಬಾಗಿಲು ಹಾಕಿಕೊಂಡು ಮೂಸಿ ನೋಡಿ ಬದಿಗಿಡುತ್ತಿದ್ದಳು. ಕರಾವಳಿಯಲ್ಲಿ ಯಾರು ಏನು ಕೊಟ್ಟರೂ ತೆಗೆದುಕೊಳ್ಳಬೇಕು. ಕೊಟ್ಟದ್ದನ್ನು ಬೇಡ ಅನ್ನುವವರು ಅಲ್ಲಿ ಹೇಸಿಗೆಯ ಜನ. ತೆಗೆದುಕೊಂಡ ಮೇಲೆ ಏನು ಮಾಡಿದರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಬದಿಗಿಟ್ಟದ್ದನ್ನು ದಿದಿಮೊ ತಿನ್ನುತ್ತಿದ್ದ. ಮೊದಮೊದಲು ಹೆಂಡತಿಗೆ ಕಾಣದ ಹಾಗೆ, ಆಮೇಲೆ ಕಾಣುವ ಹಾಗೆಯೇ. ಬೆಳಗಿನ ಚಳಿಯಲ್ಲಿ ಹಾಲಿನ ಕ್ಯಾನು ಎತ್ತಿ ಬಂದವನಿಗೆ ಬಿಸಿ ಸಾರು ಹೊಟ್ಟೆಗೆ ಹಿತವಾಗಿತ್ತು. ಅವನು ಸುರ್ರೆಂದು ಹೀರುವ ಸದ್ದಿಗೆ ಅವಳಿಗೆ ಮೈಯೆಲ್ಲ ಉರಿ.

“ಮೀನು ತಿಂದ ನಾಲಿಗೆ ನಿಂದು,” ಅಂದಳು. “ಈ ಗಂಜಿ ಕುಡಿಯೋಕೆ ನಾಚಿಕೆ ಆಗಲ್ವಾ?”

“ಬಿಸಿ ಇದೆ ಕಣೆ.”

“ಬಿಸಿ ಇದ್ರೆ ಬಚ್ಚಲು ನೀರೂ ಕುಡೀತೀಯಾ?”

ದಿದಿಮೊ ಬಟ್ಟಲೆತ್ತಿ ತಳದವರೆಗೂ ಕುಡಿದ. ಉತ್ತರ ಕೊಡುವುದು ಅವನ ಜಾಯಮಾನವಲ್ಲ. ಹೆಂಡತಿ ಬೈದರೆ ತಲೆ ತಗ್ಗಿಸಿ, ಅವಳು ಅತ್ತ ತಿರುಗಿದ ಮೇಲೆ ತನಗೆ ಬೇಕಾದ್ದನ್ನೇ ಮಾಡುವ ಗಂಡಸು ಅವನು. ಊರವರಿಗೆ ಅದು ವಿನಯದಂತೆ ಕಂಡಿತು. ಬೆಟ್ಟದವರಿಗೆ ಬಾಯಿ ಮುಚ್ಚಿಕೊಂಡಿರುವವರೆಲ್ಲ ಒಳ್ಳೆಯವರೇ.

ಆಮೇಲಿನ ವಾರಗಳಲ್ಲಿ ಔರಿಯಾಳ ತಿರಸ್ಕಾರ ಊರ ತುಂಬ ಓಡಾಡಿತು. ಚಳಿಗೆ ಸ್ನಾನ ಮಾಡದ ಹೆಂಗಸರನ್ನು ಕಂಡರೆ ಮೂಗು ಮುಚ್ಚಿಕೊಂಡಳು. ಸಂಜೆ ಹೊತ್ತು ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಅಂಗಳಕ್ಕೆ ಬಂದು ನಿಂತಳು. ಗಾಳಿ ಹಿಡಿದು ಸಾಯುತ್ತಾಳೆ ಎಂದು ಊರ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸಾಯಲಿಲ್ಲ, ಕೆಮ್ಮಿದಳು ಅಷ್ಟೇ, ಆ ಕೆಮ್ಮಿಗೂ ಈ ಊರೇ ಕಾರಣ ಅಂದಳು. ಅಂಗಡಿಯಲ್ಲಿ ಬಾಳೆಕಾಯಿ ಕೇಳಿದರೆ ಕಪ್ಪಾದ ಎರಡು ಕೊಟ್ಟರು. ಇದನ್ನು ನಮ್ಮೂರಲ್ಲಿ ಹಂದಿಗೆ ಹಾಕುತ್ತೇವೆ ಅಂದಳು. ಹಂದಿಗೆ ಹಾಕುವುದನ್ನು ಕೊಳ್ಳಲು ಬಂದಿದ್ದೀರಲ್ಲ ಎಂದು ಅಂಗಡಿಯವಳು ಸಕ್ಕರೆಯ ಹಾಗೆ ಹೇಳಿದಳು. ಬೆಟ್ಟದವರ ತಿರಸ್ಕಾರಕ್ಕೆ ಸದ್ದಿಲ್ಲ, ಅದು ಅರ್ಥವಾಗಬೇಕಾದರೆ ಮನೆ ತಲುಪಬೇಕು. ಔರಿಯಾಳಿಗೆ ಮನೆ ತಲುಪಿದ ಮೇಲೂ ಅರ್ಥವಾಗಲಿಲ್ಲ.

ಮಗಳ ಗೋಳು ಕೇಳಲಾರದೆ ಅವಳ ಅಮ್ಮ ಉಬಾಲ್ದಿನಾ ಬಂದಳು. ಒಂದು ಚೀಲ ಬಾಳೆಕಾಯಿ, ಒಣಮೀನು, ಡಬ್ಬಿ ತುಂಬ ಶೇಂಗಾ ಪುಡಿ ಹೊತ್ತು ತಂದಿದ್ದಳು. ಔರಿಯಾ ಆ ದಿನ ಮೀನಿಗೆ ಶೇಂಗಾ ಪುಡಿ ಹಾಕಿ ಸಾರು ಮಾಡಿ, ಬಾಗಿಲು ತೆರೆದಿಟ್ಟು ಉಂಡಳು, ಅಂಗಳದವರಿಗೆಲ್ಲ ವಾಸನೆ ಹೋಗಲಿ ಎಂದು. ಇನ್ನು ತನ್ನ ಪರವಾಗಿ ಒಂದು ಬಾಯಿ ಬಂತು ಎಂದು ಹಿಗ್ಗಿದಳು.

ಆ ಬಾಯಿ ವಾರದೊಳಗೆ ಪಕ್ಷ ಬದಲಿಸಿತು. ಉಬಾಲ್ದಿನಾಳಿಗೆ ಮೊಣಕಾಲು ನೋವು. ಬೆಟ್ಟದ ಚಳಿಗೆ ಅದು ಹೆಚ್ಚಾಗಿ, ಬೆಚ್ಚಗಿರುವ ಒಂದೇ ಜಾಗ ದೋನ್ಯ ತಾರ್ಹೆಲಿಯಾಳ ಒಲೆ ಎಂದು ಮುದುಕಿ ಬಲು ಬೇಗ ಕಂಡುಕೊಂಡಳು. ಬೆಳಗ್ಗೆ ಎದ್ದು ಅಲ್ಲಿಗೆ ಹೋದರೆ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಹುರಿದ ಬಾರ್ಲಿ ಹಿಟ್ಟನ್ನು ಹಾಲಿಗೆ ಕಲಸಿ ತಿನ್ನುವುದು ಕಲಿತಳು. ಕೂಯಿಗಳು ಅವಳ ಪಾದದ ಮೇಲೆಯೇ ಮಲಗುತ್ತಿದ್ದವು.

“ಇಲಿ ಜೊತೆ ಸಂಸಾರ ಮಾಡ್ತಿದೀಯಲ್ಲ ಅಮ್ಮ,” ಅಂದಳು ಔರಿಯಾ.

“ಕಾಲಿಗೆ ಬೆಚ್ಚಗಿರ್ತವೆ. ನಿಮ್ಮಪ್ಪನೂ ಇಷ್ಟು ಬೆಚ್ಚಗಿರ್ಲಿಲ್ಲ.”

ಹೋಗಲಿ, ಈಸ್ಟರ್ ಹತ್ತಿರ ಬರುತ್ತಿದೆ ಎಂದು ಔರಿಯಾ ಸಮಾಧಾನ ಮಾಡಿಕೊಂಡಳು.

ತಟ್ಟೆ ಬಂದದ್ದು ಆ ದಿನಗಳಲ್ಲೇ. ದಿದಿಮೊ ಗಾಡಿ ತೆಗೆದುಕೊಂಡು ಪಟ್ಟಣಕ್ಕೆ ಹೋಗಿದ್ದ. ಔರಿಯಾ ಉಳಿದಿದ್ದ ಕೊನೆಯ ಒಣಮೀನನ್ನು ಬಾಣಲೆಗೆ ಹಾಕಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ದೋನ್ ಮೆಸಿಯಾಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ಹೊಸ ಶಾಲು ಹೊದ್ದ ದೋನ್ಯ ತಾರ್ಹೆಲಿಯಾ, ಹಿಂದೆ ಕೂಸನ್ನು ಹೊತ್ತ ಬ್ಲಾಂಕಾ. ಫೌಸ್ತೊನ ಎರಡು ಕೈ ತುಂಬುವ ಮರದ ತಟ್ಟೆಯಲ್ಲಿ ಆಲೂಗಡ್ಡೆಯ ರಾಶಿ, ಅದರ ಮೇಲೆ ಬೇಯಿಸಿದ ಮೊಟ್ಟೆಗಳು, ಎಲ್ಲದರ ಮೇಲೆ ಹಲ್ಲು ಕಿಸಿದುಕೊಂಡು ಮಲಗಿದ ಮೂರು ಸುಟ್ಟ ಕೂಯಿ.

ದೋನ್ ಮೆಸಿಯಾಸ್ ಮಾತು ಶುರುಮಾಡಿದ. ಬೆಟ್ಟದವರ ಮಾತು ಗುಡ್ಡ ಸುತ್ತಿ ಬರುತ್ತದೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು, ಬಡವರ ಮನೆಯದು, ಕೆಟ್ಟದಾಗಿ ತಿಳಿಯಬಾರದು, ಈ ಕೂಸಿನ ಪರವಾಗಿ ಬಂದಿದ್ದೇವೆ, ನಿಮ್ಮ ಯಜಮಾನರ ಕಿವಿಗೆ ಒಂದು ಮಾತು ಹಾಕಿದ್ದೆವು, ಅವರು ಮನೆಯವಳನ್ನು ಕೇಳಬೇಕು ಅಂದಿದ್ದರು, ಹೀಗೆ ಸಾಗಿತ್ತು. ಬಾಣಲೆಯಲ್ಲಿ ಮೀನು ಸೀಯುವ ವಾಸನೆ ಬಂತು. ಮತ್ತೆ ಆಲೂಗಡ್ಡೆ ಎಂದು ಔರಿಯಾಳಿಗೆ ರೇಗಿಹೋಯಿತು.

“ಆಯ್ತು ಆಯ್ತು, ಕೊಡಿ,” ಎಂದು ಫೌಸ್ತೊನ ಕೈಯಿಂದ ತಟ್ಟೆ ಕಿತ್ತುಕೊಂಡಳು. “ದೇವರು ಒಳ್ಳೇದು ಮಾಡ್ಲಿ. ತಟ್ಟೆ ನಾಳೆ ತೊಳೆದು ಕೊಡ್ತೀನಿ.”

ನಾಲ್ವರೂ ಒಂದು ಕ್ಷಣ ಬೆರಗಾಗಿ ನಿಂತರು. ಆಮೇಲೆ ದೋನ್ ಮೆಸಿಯಾಸನ ಕಣ್ಣು ಒದ್ದೆಯಾಯಿತು, ಬ್ಲಾಂಕಾ ಬಗ್ಗಿ ಔರಿಯಾಳ ಕೈಗೆ ಮುತ್ತಿಟ್ಟಳು. ಆಲೂಗಡ್ಡೆಗೆ ಇಷ್ಟು ನಾಟಕವೇ ಎಂದುಕೊಂಡು ಔರಿಯಾ ಬಾಗಿಲು ಹಾಕಿದಳು. ಮೊಟ್ಟೆ ಎತ್ತಿಟ್ಟುಕೊಂಡಳು. ಕೂಯಿಗಳನ್ನು, ಹಿಡಿಯಲು ಬಾಲವೂ ಇಲ್ಲದ್ದರಿಂದ, ಕಾಗದದಲ್ಲಿ ಸುತ್ತಿ, ಹಿಂದಿನ ಹಳ್ಳದ ಬಳಿ ಬೀದಿನಾಯಿಗಳಿಗೆ ಎಸೆಯಲು ಹೊರಟಳು. ಒಂದನ್ನು ಉಬಾಲ್ದಿನಾ ಅವಳ ಕೈಯಿಂದ ಕಸಿದುಕೊಂಡು, ಕುಸುರಿ ಕುಸುರಿ, ತಲೆಯನ್ನೂ ಬಿಡದೆ ತಿಂದಳು. ಉಳಿದೆರಡು ನಾಯಿಗಳ ಪಾಲಾದವು.

ಮರುದಿನದಿಂದ ದೋನ್ಯ ತಾರ್ಹೆಲಿಯಾ ಅವಳನ್ನು ‘ಕೊಮಾದ್ರೆ’ ಎಂದು ಕರೆಯತೊಡಗಿದಳು. ಔರಿಯಾಳಿಗೆ ಏನೂ ಅನ್ನಿಸಲಿಲ್ಲ. ಕ್ರುಸಿತಾದ ಮೀನು ಮಾರುಕಟ್ಟೆಯಲ್ಲಿ ಕೊಮಾದ್ರೆ ಅಲ್ಲದವರೇ ಇಲ್ಲ; ಚೌಕಾಸಿ ಮಾಡುವವಳೂ ಕೊಮಾದ್ರೆ, ತೂಕದಲ್ಲಿ ಮೋಸ ಮಾಡುವವಳೂ ಕೊಮಾದ್ರೆ. ಹೂಂ ಕೊಮಾದ್ರೆ, ಏನು ಕೊಮಾದ್ರೆ ಎಂದು ಅವಳೂ ತಿರುಗಿ ಕರೆದಳು. ಅಂಗಡಿಯವಳು ಅವಳಿಗೆಂದು ಒಳ್ಳೆಯ ಬಾಳೆಕಾಯಿ ತೆಗೆದಿಡತೊಡಗಿದಳು. ಕೊನೆಗೂ ಈ ಜನಕ್ಕೆ ಬುದ್ಧಿ ಬಂತು ಅಂದುಕೊಂಡಳು.

ಪಟ್ಟಣದಿಂದ ಬಂದ ದಿದಿಮೊ ತೊಳೆದಿಟ್ಟ ತಟ್ಟೆ ನೋಡಿದ. ಏನೂ ಕೇಳಲಿಲ್ಲ. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಹಾಗೆ ನಿಂತು ವರ್ಷಗಳಾಗಿದ್ದವು. ಏನಾಗಿದೆ ನಿನಗೆ, ಹಾಲು ವಾಸನೆ ಬರುತ್ತೆ, ಆಚೆ ಸರಿ ಎಂದು ಅವಳು ತಳ್ಳಿದಳು, ಆದರೆ ಒಳಗೊಳಗೆ ಖುಷಿಯಾಯಿತು.

ಈಸ್ಟರಿಗೆ ಮುಂಚಿನ ಪವಿತ್ರ ವಾರ ಹತ್ತಿರವಾಗಿ ಅವಳು ಗಂಟುಮೂಟೆ ಕಟ್ಟುತ್ತಿದ್ದಾಗ ಗಂಡನ ಜಾಕೀಟಿನೊಳಗೆ ಒಂದು ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು, ಒಂದು ಜೊತೆ ಬಿಳಿ ಬೂಟು. ಔರಿಯಾ ಮಂಚದ ಮೇಲೆ ಕೂತುಬಿಟ್ಟಳು. ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಅವಳು ಎತ್ತುತ್ತಿರಲಿಲ್ಲ, ಅವನನ್ನೂ ಎತ್ತಲು ಬಿಡುತ್ತಿರಲಿಲ್ಲ. ಎಲ್ಲೋ ಒಂದು ಬೆಟ್ಟದ ಹೆಂಗಸನ್ನು ಇಟ್ಟುಕೊಂಡಿದ್ದಾನೆ, ಅವಳಿಗೆ ಹುಟ್ಟಿದೆ ಎಂದು ಮೊದಲು ಅನ್ನಿಸಿದ್ದು. ಅವನು ಬಂದ ಕೂಡಲೇ ಬೂಟುಗಳನ್ನು ಮುಖಕ್ಕೆ ಎಸೆದಳು.

“ಯಾರ ಮಗೂಗೆ ಇದು?”

“ಬ್ಲಾಂಕಾ ಮಗೂಗೆ,” ಅಂದ ದಿದಿಮೊ, ಗಾಬರಿಯಾಗಿ. “ಜ್ಞಾನಸ್ನಾನಕ್ಕೆ. ಬೂಟು ಕೊಡೋದು ಜ್ಞಾನತಂದೆ ಅಲ್ವಾ.”

“ನೀನ್ಯಾಕೆ ಜ್ಞಾನತಂದೆ ಆಗ್ತೀಯ?”

“ನೀನೇ ಒಪ್ಪಿದ್ಯಲ್ಲ. ತಟ್ಟೆ ತಗೊಂಡಿದ್ದು ನೀನೇ ಅಲ್ವಾ?”

ಆಗ ಹೊರಬಿತ್ತು ವಿಷಯ. ಬೆಟ್ಟದಲ್ಲಿ ಆ ತಟ್ಟೆಗೆ ಮೆದಿಯಾನೊ ಅನ್ನುತ್ತಾರೆ. ಚರ್ಚಿನಲ್ಲಿ ಪಾದ್ರಿ ಮಗುವಿಗೆ ನೀರು ಹಾಕುವಾಗ ಎತ್ತಿಕೊಂಡು ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ ಆಗಿ ಎಂದು ಕೇಳಲು ತರುವುದು ಅದು. ಇಷ್ಟವಿಲ್ಲದವರು ಬಾಗಿಲಲ್ಲೇ ಕೈ ಮುಗಿದು, ನಾವು ಯೋಗ್ಯರಲ್ಲ ಎಂದು ವಾಪಸ್ಸು ಕಳಿಸುತ್ತಾರೆ. ತಂದವರು ಎರಡು ಮೂರು ಸಲ ಬಂದು ಬೇಡಿಕೊಳ್ಳುವುದೂ ಉಂಟು. ತಟ್ಟೆ ಒಳಗೆ ಹೋಯಿತು ಅಂದರೆ ಮುಗಿಯಿತು. ಅಲ್ಲಿಂದ ಎರಡು ಮನೆಯವರೂ ಸಂಬಂಧಿಕರು, ಕೊಂಪಾದ್ರೆ ಕೊಮಾದ್ರೆಗಳು, ಸಾಯುವ ತನಕ. ಔರಿಯಾ ಮೊದಲ ಸಲಕ್ಕೇ, ಮಾತು ಮುಗಿಯುವುದಕ್ಕೂ ಬಿಡದೆ ಕಿತ್ತುಕೊಂಡಳು ಎಂದು ಊರೆಲ್ಲ ಹೊಗಳುತ್ತಿತ್ತಂತೆ. ದಿದಿಮೊ ಹೆಂಡತಿಗೆ ಹೇಳಲು ಹೆದರಿ ಸುಮ್ಮನಿದ್ದವನು, ತೊಳೆದ ತಟ್ಟೆ ನೋಡಿ ದೇವರೇ ಅವಳ ಮನಸ್ಸು ತಿರುಗಿಸಿದ ಅಂದುಕೊಂಡಿದ್ದ. ಇನ್ನು ದೋನ್ ಮೆಸಿಯಾಸನನ್ನೂ ತೀರಾ ಸಾಧು ಅಂದುಕೊಳ್ಳಬೇಡಿ. ಹಿಂದಿನ ಡ್ರೈವರುಗಳೆಲ್ಲ ಚಳಿಗೆ ಓಡಿಹೋಗಿದ್ದರು. ಸಂಬಂಧಿಕನಾದವನು ಓಡಲಾರ ಎಂಬ ಲೆಕ್ಕ ಅವನ ಒದ್ದೆ ಕಣ್ಣಿನ ಹಿಂದೆ ಇತ್ತು.

“ನಂಗೇನು ಗೊತ್ತು?” ಅಂದಳು ಔರಿಯಾ. “ಆಲೂಗಡ್ಡೆ ಅಂದ್ಕೊಂಡೆ. ಹೋಗಿ ಹೇಳು, ತಪ್ಪಾಯ್ತು, ಬೇರೆಯವರನ್ನ ನೋಡ್ಕೊಳ್ಳಿ ಅಂತ. ಈಸ್ಟರ್ ಮುಗಿದ್ರೆ ನಾವು ಹೊರಡ್ತೀವಿ.”

“ಹೊರಡೋಕಾಗಲ್ಲ. ನೀರು ಹಾಕಿಸಿ ಮಾರನೇ ದಿನ ಬಿಟ್ಟು ಹೋಗೋಕಾಗತ್ತಾ ಮಗೂನ?”

“ಬೆರಳಿಗೆ ಮುತ್ತಿಟ್ಟು ಮಾತು ಕೊಟ್ಟಿದ್ದೆ ನಂಗೆ.”

“ಕೊಟ್ಟಿದ್ದೆ. ನನ್ನ ಪರವಾಗಿ ಅವರಿಗೆ ಮಾತು ಕೊಟ್ಟಿದ್ದು ಯಾರು?”

ಅವನು ಇಷ್ಟು ಉತ್ತರ ಕೊಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು. ಬಗ್ಗಿ, ಬೂಟುಗಳನ್ನು ಹುಡುಕಿ, ಒಂದನ್ನು ಮಂಚದ ಕೆಳಗಿನಿಂದ ತೆಗೆದು, ತೋಳಿನಿಂದ ಒರೆಸಿ, ಮತ್ತೆ ಕಾಗದದಲ್ಲಿ ಸುತ್ತಿದ. ಔರಿಯಾ ಅದನ್ನು ನೋಡುತ್ತ ನಿಂತಳು. ಇವನನ್ನು ಕಳೆದುಕೊಂಡುಬಿಡುತ್ತೇನೆ ಎಂದು ಅವಳಿಗೆ ಭಯವಾಯಿತು, ಆ ಭಯಕ್ಕೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ, ಬಾಯಿ.

ಮರುದಿನ ನೇರವಾಗಿ ಅಂಗಳ ದಾಟಿದಳು. ದೋನ್ಯ ತಾರ್ಹೆಲಿಯಾ ಬಾಗಿಲ ಬಳಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಕೊಮಾದ್ರೆಗೆ ಕೂರಲು ಮಣೆ ತರಲು ಎದ್ದಳು. ಕೂರಲು ಬಂದಿಲ್ಲ ಅಂದಳು ಔರಿಯಾ. ಅವಳ ಲೆಕ್ಕ ಸುಲಭವಾಗಿತ್ತು. ತಟ್ಟೆಯನ್ನು ವಾಪಸ್ಸು ಕೊಡಲಾಗದಿದ್ದರೆ ಕೊಟ್ಟವರೇ ಉಗಿದು ಬಿಟ್ಟುಬಿಡುವ ಹಾಗೆ ಮಾಡಬೇಕು. ಮುಖಕ್ಕೆ ಹೊಡೆದ ಹಾಗೆ ಅವಮಾನ ಮಾಡಿದ ಮೇಲೆ ಯಾವ ಮನೆಯವರೂ ಮಗುವನ್ನು ತಂದು ಕೈಗೆ ಕೊಡುವುದಿಲ್ಲ.

“ನಿಮ್ಮ ಕೂಯಿಗಳನ್ನ ನಾಯಿಗೆ ಹಾಕ್ದೆ,” ಅಂದಳು. “ಹಳ್ಳದ ಹತ್ರ. ಇಲಿ ತಿನ್ನೋ ಜನ ಅಲ್ಲ ನಾವು.”

ದೋನ್ಯ ತಾರ್ಹೆಲಿಯಾಳ ಚಾಕು ನಿಂತಿತು. ಬ್ಲಾಂಕಾ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಯಾರೂ ಬೈಯಲಿಲ್ಲ.

“ಮೂರನ್ನೂ ಹಾಕಿದ್ರಾ?” ಎಂದು ದೋನ್ಯ ತಾರ್ಹೆಲಿಯಾ ಮೆತ್ತಗೆ ಕೇಳಿದಳು.

“ಎರಡು. ಒಂದು ನಮ್ಮಮ್ಮ ತಿಂದ್ಲು, ಹೊಟ್ಟೆಬಾಕಿ.”

“ತಲೆ?”

“ತಲೆನೂ ತಿಂದ್ಲು.”

ದೋನ್ಯ ತಾರ್ಹೆಲಿಯಾ ತಲೆಯಾಡಿಸಿದಳು. ಚಾಕು ಮತ್ತೆ ಆಲೂಗಡ್ಡೆಯ ಸುತ್ತ ತಿರುಗಿತು. “ಸರಿ ವೆಸೀನಾ,” ಅಂದಳು. “ಹೇಳಿದ್ದು ಒಳ್ಳೇದಾಯ್ತು.”

ವೆಸೀನಾ ಎಂದದ್ದನ್ನು ಔರಿಯಾ ಕೇಳಿಸಿಕೊಂಡಳು, ಕೇಳಿ ಹಗುರಾದಳು. ಕೊಂಡಿ ಕಳಚಿತು. ಮನೆಗೆ ಬಂದು ಬಾಣಲೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಆ ದಿನವೆಲ್ಲ ಹಾಡು ಗುನುಗಿದಳು. ಇಂಥ ಕೆಲಸ ಮಾಡಿ ಗುನುಗಬಲ್ಲ ಗಂಟಲು ಎಲ್ಲರಿಗೂ ಇರುವುದಿಲ್ಲ.

ಸಂಜೆ ದಿದಿಮೊಗೆ ವಿಷಯ ತಿಳಿಯಿತು. ಅವನು ಹೆಂಡತಿಯ ಹತ್ತಿರ ಜಗಳಕ್ಕೆ ಬರಲಿಲ್ಲ. ಟೋಪಿ ತೆಗೆದು ಅಂಗಳ ದಾಟಿ ಹೋಗಿ, ದೋನ್ ಮೆಸಿಯಾಸನ ಅಡುಗೆಮನೆಯ ಮಣ್ಣು ನೆಲದ ಮೇಲೆ ಮಂಡಿಯೂರಿ ಕ್ಷಮೆ ಕೇಳಿದ. ದೋನ್ ಮೆಸಿಯಾಸ್ ಡ್ರೈವರನನ್ನು ಬಿಡುವ ಪೈಕಿ ಅಲ್ಲ. ನಿಮ್ಮದೇನು ತಪ್ಪಿಲ್ಲ ಎಂದು ಎಬ್ಬಿಸಿದ, ಆದರೆ ಮಗುವಿಗೆ ಜ್ಞಾನತಾಯಿಯೂ ಬೇಕಲ್ಲ, ಅವಳಿಲ್ಲದೆ ಹೇಗೆ ಅಂದ. ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ ಉಬಾಲ್ದಿನಾಳ ಕಡೆ ದೋನ್ಯ ತಾರ್ಹೆಲಿಯಾ ತಿರುಗಿದಳು. ಮೆದಿಯಾನೊ ತೆಗೆದುಕೊಂಡವಳು ಯಾರೋ ಇರಬಹುದು, ತಿಂದವರು ನೀವಲ್ಲವೇ ಎಂದಳು. ತಲೆ ಸಮೇತ ತಿಂದವರು ನೀವು.

ಇದೆಲ್ಲ ಔರಿಯಾಳಿಗೆ ಗೊತ್ತಾದದ್ದು ಪವಿತ್ರ ವಾರದಲ್ಲಿ. ಆ ವಾರ ಎಲ್ಲರ ಮನೆಯಲ್ಲೂ ಮಾಡುವ ಹನ್ನೆರಡು ಕಾಳಿನ ಸಾರಿಗೆ ಮುದುಕಿ ಅವರೆಯಂಥ ದಪ್ಪ ಕಾಳು ಸುಲಿಯುತ್ತ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಗಂಟು ಕಟ್ಟಿದೆಯಾ, ಬಸ್ಸಿಗೆ ಹೇಳಬೇಕು ಎಂದು ಮಗಳು ಕೇಳಿದಳು. ಉಬಾಲ್ದಿನಾ ತಲೆಯೆತ್ತಲಿಲ್ಲ.

“ನಾನು ಬರಲ್ಲ. ಭಾನುವಾರ ಮಗೂನ ಎತ್ಕೊಂಡು ನಿಲ್ಬೇಕು ನಾನು.”

“ಯಾವ ಮಗೂನ?”

“ಇರೋದು ಒಂದೇ ಮಗು.”

ಔರಿಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನನ್ನ ಗಂಡ ಜ್ಞಾನತಂದೆ, ನೀನು ಜ್ಞಾನತಾಯಿ. ಅಳಿಯನ ಪಕ್ಕ ನಿಂತ್ಕೊಳ್ತೀಯಾ ನೀನು? ನಾಚಿಕೆ ಆಗಲ್ವೇನಮ್ಮ?”

“ನಾಯಿಗೆ ಹಾಕ್ದೆ ಅಂತ ಅವರ ಬಾಗಿಲಲ್ಲಿ ನಿಂತು ಹೇಳ್ದಾಗ ನಿಂಗಾಯ್ತಾ?”

“ನಂಗೆ ಮನೆಗೆ ಹೋಗ್ಬೇಕು ಅಮ್ಮ. ಅವನನ್ನ ಕರ್ಕೊಂಡು ಹೋಗ್ಬೇಕು. ಅದಕ್ಕೇ ಮಾಡಿದ್ದು.”

ಉಬಾಲ್ದಿನಾ ಕಾಳಿನ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದಳು. “ಹನ್ನೊಂದು ವರ್ಷದಿಂದ ಅವನು ನಿನ್ನ ಮಾತು ಕೇಳಿದಾನೆ. ಒಂದು ಮಗೂನ ಎತ್ಕೊಳ್ಳೋಕೆ ಆಸೆ ಪಟ್ಟ. ನಿಂಗೆ ಅದೂ ಇಲಿ ಥರ ಕಾಣಿಸ್ತು.”

ಔರಿಯಾ ಅಳಲಿಲ್ಲ. ನೀವೆಲ್ಲ ಸೇರಿ ಆಲೂಗಡ್ಡೆ ಆಗಿಹೋಗಿ ಅಂದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿದ ಬಾಗಿಲನ್ನು ತಟ್ಟಲು ಆ ದಿನ ಯಾರೂ ಬರಲಿಲ್ಲ, ಬಟ್ಟಲೂ ಬರಲಿಲ್ಲ.

ಈಸ್ಟರ್ ಭಾನುವಾರ ಅವಳ ತಾಯಿ ಯಾರದೋ ಕಪ್ಪು ಶಾಲು ಹೊದ್ದು, ಅವಳ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚರ್ಚಿನ ಕಲ್ಲುತೊಟ್ಟಿಯ ಎರಡು ಬದಿಗೆ ನಿಂತರು. ತೊಟ್ಟಿಯ ನೀರು ಕೊರೆಯುತ್ತಿತ್ತು, ಕೂಸು ಚೀರಿತು, ದಿದಿಮೊ ಅದನ್ನು ಎದೆಗೆ ಒತ್ತಿಕೊಂಡು ತಾನೂ ಅತ್ತ. ಪಾದ್ರಿಗಳು ಅವನು ಸುಮ್ಮನಾಗುವ ತನಕ ಕಾಯಬೇಕಾಯಿತು. ಔರಿಯಾ ಕೊನೆಯ ಬೆಂಚಿನಲ್ಲಿದ್ದಳು. ಬರುವುದಿಲ್ಲ ಎಂದು ಹಟ ಹಿಡಿದಿದ್ದವಳು, ಅಂಗಳವೆಲ್ಲ ಖಾಲಿಯಾದ ಮೇಲೆ ಎದ್ದು ಬಂದಿದ್ದಳು. ಅಳುವುದನ್ನು ನೋಡು, ಬೆಣ್ಣೆ ಮುದ್ದೆ ಅಂದುಕೊಂಡಳು, ಆದರೆ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಊಟ ಅಂಗಳದಲ್ಲಿ. ಉದ್ದನೆಯ ಮೇಜಿನ ತಲೆಯ ಕಡೆ ದಿದಿಮೊ, ಉಬಾಲ್ದಿನಾ, ಬ್ಲಾಂಕಾ, ಫೌಸ್ತೊ, ದೋನ್ ಮೆಸಿಯಾಸ್. ಅವರ ಮುಂದೆ ಕೂಯಿ, ಕೋಳಿ, ಗುಡ್ಡೆ ಗುಡ್ಡೆ ಆಲೂಗಡ್ಡೆ. ಇಕ್ಕಟ್ಟಾಗಿ ಕೂತಿದ್ದರು, ನಡುವೆ ಒಂದು ಕುರ್ಚಿಗೂ ಜಾಗವಿರಲಿಲ್ಲ. ಔರಿಯಾ ಬಾಗಿಲಲ್ಲಿ ನಿಂತಿದ್ದನ್ನು ನೋಡಿ ದೋನ್ಯ ತಾರ್ಹೆಲಿಯಾ ತಾನೇ ಎದ್ದು ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಗೋಡೆಯ ಬದಿಗೆ ಒಂದು ಪುಟ್ಟ ಮೇಜು, ಅದರ ಮೇಲೆ ಹೊಸ ಬಟ್ಟೆ, ಒಂದೇ ಒಂದು ಕುರ್ಚಿ. ತಟ್ಟೆಯಲ್ಲಿ ಹುರಿದ ಮೀನು, ಬಾಳೆಕಾಯಿ, ಒಂದು ಮುಷ್ಟಿ ಅನ್ನ.

“ನಮ್ಮ ಊಟ ನಿಮಗೆ ಸೇರಲ್ಲ ಅಂತ ಗೊತ್ತು ವೆಸೀನಾ,” ಅಂದಳು. “ಫೌಸ್ತೊ ಪಟ್ಟಣದಿಂದ ಮೀನು ತಂದ. ನಿಮಗೊಬ್ಬರಿಗೇ ಮಾಡಿದ್ದು. ಆರಾಮಾಗಿ ಉಣ್ಣಿ.”

ಅವಳ ದನಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಊರವರೆಲ್ಲ ಎಷ್ಟು ಒಳ್ಳೆಯ ಹೆಂಗಸು ಎಂಬಂತೆ ನೋಡಿದರು. ಔರಿಯಾ ಕೂತಳು. ಮೀನು ಹೆಚ್ಚು ಹುರಿದು ತೊಗಲಾಗಿತ್ತು, ಬಾಳೆಕಾಯಿ ಒಳಗೆ ಹಸಿ. ಸುತ್ತ ಜನ ಮಾತಾಡುತ್ತಿದ್ದರು, ನಗುತ್ತಿದ್ದರು, ಅವಳ ಕಡೆ ಯಾರೂ ನೋಡುತ್ತಿರಲಿಲ್ಲ, ಅದು ನೋಡಬಾರದೆಂದು ನೋಡದಿರುವ ರೀತಿ. ಒಂದು ಆಲೂಗಡ್ಡೆ ಕೊಡಿ ಎಂದು ಯಾರನ್ನಾದರೂ ಕೇಳಬೇಕೆಂದು ಅವಳಿಗೆ ಅನ್ನಿಸಿತು, ಬಾಯಿ ಬರಲಿಲ್ಲ. ಅವಳ ಬಾಯಿ ಬಾರದೇ ಇದ್ದದ್ದು ಆ ಊರಿನಲ್ಲಿ ಅದೊಂದೇ ಸಲ.

ಸ್ವಲ್ಪ ಹೊತ್ತಿನ ಮೇಲೆ ದಿದಿಮೊ ಎದ್ದು ಬಂದ. ಒಂದು ತೋಳಿನಲ್ಲಿ ಕೂಸು ಮಲಗಿತ್ತು, ಇನ್ನೊಂದು ಕೈಯ ಬೆರಳುಗಳು ಕೂಯಿಯ ಜಿಡ್ಡಿನಿಂದ ಹೊಳೆಯುತ್ತಿದ್ದವು. ಊಟ ಆಯಿತಾ ಎಂದು ಕೇಳಿದ.

“ನಾಳೆ ಹೊರಡ್ತೀನಿ ನಾನು,” ಅಂದಳು ಔರಿಯಾ.

ಹೇಳಿ ಕಾದಳು. ಬೇಡ ಅನ್ನುತ್ತಾನೆ, ಇಲ್ಲ ನಾನೂ ಬರುತ್ತೇನೆ ಅನ್ನುತ್ತಾನೆ, ಕಡೆಗೆ ಸಿಟ್ಟಾದರೂ ಮಾಡುತ್ತಾನೆ ಎಂದು ಕಾದಳು. ಅವನು ಕೂಸಿನ ಟೋಪಿಯನ್ನು ಕಿವಿಯ ಮೇಲೆ ಎಳೆದ.

“ಬೆಳಗಿನ ಬಸ್ಸಿಗೋ, ಮಧ್ಯಾಹ್ನದ್ದಕ್ಕೋ?”

“ಯಾಕೆ?”

“ಬೆಳಗ್ಗೆ ಹಾಲು ಎತ್ಬೇಕು. ಮಧ್ಯಾಹ್ನದ್ದಾದ್ರೆ ಬಸ್ ಸ್ಟ್ಯಾಂಡ್ ತನಕ ನಾನೇ ಬಿಡ್ತೀನಿ.”

ಮೇಜಿನ ಕಡೆಯಿಂದ ಯಾರೋ ಕೊಂಪಾದ್ರೆ ಎಂದು ಕೂಗಿದರು. ಅವನು ಬಂದೆ ಎಂದು ಅತ್ತ ಕೈಯೆತ್ತಿದ, ಆದರೂ ಹೆಂಡತಿಯ ಉತ್ತರಕ್ಕೆ ನಿಂತಿದ್ದ, ಗಾಡಿಯ ಹೊತ್ತು ಗೊತ್ತುಮಾಡಿಕೊಳ್ಳಬೇಕಾದ ಡ್ರೈವರ್ ನಿಲ್ಲುವ ಹಾಗೆ. ಔರಿಯಾ ತಟ್ಟೆಯಲ್ಲಿದ್ದ ಮೀನಿನ ಮುಳ್ಳನ್ನು ಬದಿಗೆ ಸರಿಸಿದಳು.

“ಮಧ್ಯಾಹ್ನದ್ದಕ್ಕೆ,” ಅಂದಳು.